ಅಜ್ಜಿ ಮನೆ ಗುಂಪು: 10,000 ವರ್ಷದ ಗೋಡೆ

ದೊಡ್ಡಪ್ಪ (ಫಾರ್ವರ್ಡ್): ಮೆಕ್ಸಿಕೋ ಕಾಡಿನಲ್ಲಿ 10,000 ವರ್ಷ ಹಳೆಯ ಗೋಡೆ ಚಿತ್ರ! ಮಾಯಾ ಜನ ನಮ್ಮ ಮಯಾಸುರನ ವಂಶದವರೇ. ಎಲ್ಲರಿಗೂ ಕಳಿಸಿ.

ಚಿಕ್ಕಮ್ಮ: ಎಷ್ಟು ಚೆನ್ನಾಗಿದೆ ಬಣ್ಣ! 🙏

ರಘು: ದೊಡ್ಡಪ್ಪ, 10,000 ಅಂತ ಯಾರು ಲೆಕ್ಕ ಹಾಕಿದರು? ಎಲ್ಲಿಂದ ಬಂತು ಇದು?

ದೊಡ್ಡಪ್ಪ: ನನ್ನ ವಾಕಿಂಗ್ ಸ್ನೇಹಿತರು ಕಳಿಸಿದ್ದು. ರಿಟೈರ್ಡ್ ಹೆಡ್‌ಮಾಸ್ಟರ್. ಹಿರಿಯರ ಮೇಲೆ ಸ್ವಲ್ಪ ಗೌರವ ಇರಲಿ ಕಣಪ್ಪ.

ರಘು: 2012ರಲ್ಲೂ ಇದೇ ಮಾಯಾ ಕತೆ. ಡಿಸೆಂಬರ್ 21ಕ್ಕೆ ಲೋಕ ಮುಳುಗುತ್ತದೆ ಅಂದಿರಿ. ಅಜ್ಜಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ದೊಡ್ಡಪ್ಪ: ಅದು ನಾನಲ್ಲ. ನಿಮ್ಮ ಅತ್ತೆ.

ಅತ್ತೆ: ನಾನಾ? ಪೇಪರ್ ಓದಿ ಅಮ್ಮನಿಗೆ ಹೇಳಿದ್ದು ನೀನು, ಅಣ್ಣ. ತಪ್ಪೆಲ್ಲ ಯಾವಾಗಲೂ ನನ್ನ ತಲೆಗೇ.

ನಾನು: ದೊಡ್ಡಪ್ಪ, ಚಿತ್ರ ನಿಜವಾದದ್ದೇ, ಆದರೆ ಮಯಾಸುರನ ವಂಶ ಅನ್ನುವುದಕ್ಕೆ ಆಧಾರವಿಲ್ಲ. ಮೆಕ್ಸಿಕೋದ ಚಿಯಾಪಾಸ್ ರಾಜ್ಯದ ಬೊನಾಂಪಾಕ್ ಎಂಬ ಹಳೆಯ ಮಾಯಾ ಊರಿನದು. ಉದ್ದ ಕಹಳೆ ಊದುವವರ ಹತ್ತಿರ ನೋಡಿ, ಒಬ್ಬನ ಕೈಗೆ ಏಡಿಯಂಥ ಕೊಂಡಿ ಇದೆ. ಆ ಕೋಣೆಯ ಬರಹದಲ್ಲೇ ತಾರೀಖಿದೆ, ಕ್ರಿ.ಶ. 790ರ ಆಸುಪಾಸು. ಅವರೇ ದಿನ ಹಾಕಿಟ್ಟಿರುವಾಗ ನಾವು ಬೇರೆ ಲೆಕ್ಕ ಹೇಳುವುದು ಅವರಿಗೆ ಮಾಡುವ ಅನ್ಯಾಯ ಅಲ್ವಾ?

ಪುಟ್ಟಿ: ಆ ಕೆಂಪು ನೋಡಿ ಅಜ್ಜಿಯ ಗಡಿಗೆ ನೆನಪಾಯಿತು! ಅಟ್ಟದಲ್ಲಿ ಹುಣಸೆಹಣ್ಣು ಹಾಕಿಡುತ್ತಿದ್ದರಲ್ಲ. ರಘು ಅದರ ಅಂಚು ಒಡೆದಿದ್ದ.

ರಘು: ಬಾಲ್ ಎಸೆದದ್ದು ನೀನು.

ನಾನು: ಪುಟ್ಟಿ, ಹಳೆಯ ಊರುಗಳನ್ನು ಅಗೆದು ಕಾಲ ಲೆಕ್ಕ ಹಾಕುವವರಿಗೆ ಒಡೆದ ಅಂಚೇ ಬೇಕು. ಗ್ವಾಟೆಮಾಲಾದ ವಾಶಾಕ್ತುನ್ ಎಂಬ ಮಾಯಾ ಊರಿನಲ್ಲಿ ಪದರ ಪದರವಾಗಿ ಅಗೆದು ಮಡಕೆ ಚೂರುಗಳನ್ನು ಸಾಲು ಹಿಡಿಸಿದರು. ಒಂದೊಂದು ಕಾಲದ ಮಡಕೆಗೆ ಒಂದೊಂದು ಹೆಸರು: ಎಲ್ಲಕ್ಕಿಂತ ಕೆಳಗೆ, ಹಳೆಯದು ಮಾಮೋಮ್, ಆಮೇಲೆ ಚಿಕಾನೆಲ್, ತ್ಸಾಕೋಲ್, ತೆಪೆವು. ಬಟ್ಟಲಿನ ಬುಡದ ಸುತ್ತ ಹೊರಗೆ ಚಾಚಿದ ಪಟ್ಟಿ, ಮೈಮೇಲೆ ಹಲವು ಬಣ್ಣ ಇದ್ದರೆ ತ್ಸಾಕೋಲ್, ಸುಮಾರು ಕ್ರಿ.ಶ. 250ರಿಂದ 600. ಗಾರೆ ನೆಲದ ಕೆಳಗೆ ಅಂಥ ಚೂರು ಸಿಕ್ಕಿದರೆ, ಆ ನೆಲ ಹಾಕಿದ್ದು ಅದಕ್ಕಿಂತ ಮುಂಚೆ ಆಗಿರಲು ಸಾಧ್ಯವಿಲ್ಲ.

ದೊಡ್ಡಪ್ಪ: ಹಾಗಾದರೆ ಇನ್ನೂ ಹಳೆಯ ಚಿತ್ರ ಇಲ್ಲವೇ ಇಲ್ಲವಾ?

ನಾನು: ಇದೆ, ಗ್ವಾಟೆಮಾಲಾದ ಸಾನ್ ಬಾರ್ತೋಲೋದಲ್ಲಿ. ಅಲ್ಲಿ ಹಳೆಯ ಕಟ್ಟಡ ಒಡೆದು, ಹೂತು, ಮೇಲೆ ಹೊಸದು ಕಟ್ಟುತ್ತಾ ಹೋದರು. ಒಳಗೆ ಸಿಕ್ಕ, ಚಿತ್ರ ಬರೆದ ಗಾರೆಯ ಎರಡು ಚೂರು ಜೋಡಿಸಿದರೆ ಒಂದು ಗೆರೆ, ಎರಡು ಚುಕ್ಕೆ, ಕೆಳಗೆ ಜಿಂಕೆಯ ತಲೆ. ಗೆರೆಗೆ 5, ಚುಕ್ಕೆಗೆ 1. ಮಾಯಾ ಪಂಚಾಂಗದ '7 ಜಿಂಕೆ' ಎಂಬ ದಿನದ ಹೆಸರು ಅದು! ಆ ಪದರದ ಇದ್ದಿಲು ಪರೀಕ್ಷಿಸಿದಾಗ ಕ್ರಿ.ಪೂ. 300ರಿಂದ 200ರ ನಡುವಿನದು ಎಂದು ಗೊತ್ತಾಯಿತು. ಓದಿ ನನಗೆ ರೋಮಾಂಚನವಾಯಿತು.

ದೊಡ್ಡಪ್ಪ: ಇದನ್ನು ಹೆಡ್‌ಮಾಸ್ಟರಿಗೆ ಕಳಿಸುತ್ತೇನೆ. ಆದರೆ ರಘು ಮಾತಾಡಿದ ರೀತಿ ಸರಿಯಲ್ಲ.

ಚಿಕ್ಕಮ್ಮ: ಗಡಿಗೆ ನನ್ನ ಹತ್ತಿರ ಇದೆ. ನಾಳೆ ಫೋಟೋ ಹಾಕುತ್ತೇನೆ.

ಅತ್ತೆ: ಅದು ನನಗೆ ಅಂತ ಅಮ್ಮ ಹೇಳಿದ್ದಳು.