ಕೆಲಸ, ಮನೆ, ಮಕ್ಕಳ ಮಧ್ಯೆ ದೇವರ ಜೊತೆ ಕೂರೋಕೆ ಹೊತ್ತು ಹೇಗೆ ಮಾಡ್ಕೊಂಡಿದ್ದೀರಾ? ಅನುಭವ ಹೇಳಿ

ಕೂರ್ಗಳ್ಳಿ ಸಿಸ್ಟರ್:
ಎಲ್ಲರಿಗೂ ಸ್ತೋತ್ರ. ಇಬ್ಬರು ಮಕ್ಕಳು, ಅತ್ತೆಗೆ ಮಂಡಿನೋವು, ಯಜಮಾನರಿಗೆ ಫ್ಯಾಕ್ಟರಿ ಶಿಫ್ಟು, ನನಗೆ ಒಂಬತ್ತಕ್ಕೆ ಆಫೀಸು. ಬೆಳಿಗ್ಗೆ ಸತ್ಯವೇದ (ಬೈಬಲ್) ತೆಗೆದ್ರೆ ಕುಕ್ಕರ್ ಕೂಗುತ್ತೆ, ರಾತ್ರಿ ತೆಗೆದ್ರೆ ನಿದ್ದೆ. ಭಾನುವಾರದ ಸಭೆ ಬಿಟ್ರೆ ಏನೂ ಆಗ್ತಿಲ್ಲ. ನೀವೆಲ್ಲ ಎಲ್ಲಿ, ಯಾವ ಹೊತ್ತಲ್ಲಿ ಕೂರ್ತೀರಾ?

ಮಹಡಿ ಬ್ರದರ್, ಬನ್ನಿಮಂಟಪ:
ಜಾಗ ಇಲ್ಲದೆ ಹೊತ್ತು ಸಿಗಲ್ಲ ಸಿಸ್ಟರ್. ಸತ್ಯವೇದದ ಮತ್ತಾಯ 6:6ರಲ್ಲಿ ಪ್ರಾರ್ಥನೆಗೆ ಬಾಗಿಲು ಮುಚ್ಚಿಕೋ ಅಂತಲೇ ಇದೆ, ಮುಚ್ಚೋಕೆ ಬಾಗಿಲು ಬೇಕಲ್ಲ? ನಾನು ಟೆರೇಸ್ ಮೇಲೆ ಎಂಟಡಿಗೆ ಆರಡಿ ಪ್ರಾರ್ಥನೆ ರೂಮ್ ಹಾಕಿಸಿದೆ. ಇಟ್ಟಿಗೆ, ಸಿಮೆಂಟು, ಮೇಸ್ತ್ರಿ ಕೂಲಿ ಸೇರಿ 38,000. ಶೀಟು, ಪೈಪು, ವೆಲ್ಡಿಂಗು 21,500. ಬಾಗಿಲು ಸೆಕೆಂಡ್ ಹ್ಯಾಂಡ್, 6,800. ಒಂದೇ ಮಳೆಗಾಲಕ್ಕೆ ಉಬ್ಬಿ ಕೂತಿದೆ, ಈಗ ಒದ್ದರೇ ಹಾಕ್ಕೊಳ್ಳೋದು. ವೈರಿಂಗ್ ಹುಡುಗ 2,000 ಅಡ್ವಾನ್ಸ್ ತಗೊಂಡು ಹೋದವನು ಹೋದ, ಅವನ ನಂಬರ್ ಇವತ್ತಿಗೂ ಸ್ವಿಚ್ ಆಫ್. ಮಳೆ ಬಂದ್ರೆ ಶೀಟ್ ಸದ್ದಿಗೆ ನನ್ನ ಪ್ರಾರ್ಥನೆ ನನಗೇ ಕೇಳಲ್ಲ, ಮಾರ್ಚ್ ಬಂತು ಅಂದ್ರೆ ಹತ್ತು ಗಂಟೆ ಮೇಲೆ ಒಳಗೆ ಕಾಲಿಡೋ ಹಾಗಿಲ್ಲ. ಮೂಲೇಲಿ ಈರುಳ್ಳಿ ಮೂಟೆ, ಹಳೆ ಕೂಲರ್ ಬೇರೆ ಬಂದು ಸೇರ್ಕೊಂಡಿವೆ. ಆದ್ರೂ ಬೆಳಿಗ್ಗೆ ಐದಕ್ಕೆ ನಾನು ಮೇಲೆ ಹತ್ತಿದೆ ಅಂದ್ರೆ ಯಾರೂ ಕರೆಯೋ ಹಾಗಿಲ್ಲ, ಮನೇಲಿ ಹೇಳಿಟ್ಟಿದ್ದೀನಿ. ಮಾರ್ಕ 1:35 ಓದಿ, ಯೇಸುಸ್ವಾಮಿನೂ ಬೆಳಗಾಗೋ ಮುಂಚೆನೇ ಎದ್ದು ಅಡವಿಗೆ ಹೋದರು.

ಮಂಡ್ಯ ಪಾಸ್:
ರೂಮು ಗೀಮು ಬುಡಿ ಅಕ್ಕ. ನಂದು ಚಾಮುಂಡಿ ಎಕ್ಸ್‌ಪ್ರೆಸ್ಸು. ಮಂಡ್ಯದಲ್ಲಿ ಹತ್ತಿ ಕೆಂಗೇರೀಲಿ ಇಳಿಯೋ ಗಂಟ ದೇವ್ರು, ನಾನು ಇಬ್ರೆ ಅನ್ಕಂಡಿದ್ದೆ. ಮದ್ದೂರ್ ಗಂಟ ಸೀಟಿನ ಜಗಳ, ಮದ್ದೂರಲ್ಲಿ ವಡೆಯೋರು, ಅಲ್ಲಿಂದ ನಾಕ್ ಜನ ನನ್ ಮಂಡಿ ಮ್ಯಾಲೆ ಪೇಪರ್ ಹಾಸ್ಕಂಡು ರಮ್ಮಿ. ಒಬ್ಬ ಇಸ್ಪೀಟ್ ಎಲೆ ತಂದು ತೆರೆದಿಟ್ಟ ಕೀರ್ತನೆ ಪುಟದ ಮ್ಯಾಲೇ ಇಳಿಸ್ದ. ಸದ್ದು ತಡೆಯೋ ಇಯರ್‌ಫೋನು 3,200 ಕೊಟ್ ತಕ್ಕಂಡೆ, ಚನ್ನಪಟ್ಣದ ನೂಕಾಟದಲ್ಲಿ ಒಂದ್ ಕಿವೀದು ಉದುರೋಯ್ತು. ಒಂದೇ ಕೊಡಪ್ಪ ಅಂದ್ರೆ ಅಂಗಡಿಯೋನು 1,900 ಅಂತಾನೆ! ಈಗ ಕಿವೀಗೆ ಹತ್ತಿ, ಖರ್ಚಿಲ್ಲ. ವರ್ಷಕ್ಕೆ ಇಡೀ ಸತ್ಯವೇದ ಮುಗಿಸ್ಬೇಕು ಅಂತ ಹಟ ನಂದು. ಒಟ್ಟು 1,189 ಅಧ್ಯಾಯ, ದಿನಾ ಮೂರು, ಭಾನ್ವಾರ ಐದು ಓದಿದ್ರೆ ಲೆಕ್ಕ ಸರಿಹೋಯ್ತದೆ. ಗಾಡಿ ಬಿಡದಿ ತಾವ ನಿಂತಿದ್ ದಿನ ಸತ್ಯವೇದದ ಅರಣ್ಯಕಾಂಡದ ಜನಗಣತಿ ಪೂರಾ ಮುಗುಸ್ದೆ. ಮನೇಲಿ ಕುಂತೋರ್ ಕೈಲಿ ಆಯ್ತದಾ ಹೇಳಿ?

ಲಷ್ಕರ್ ಮೊಹಲ್ಲಾ ಟೀಚರ್:
ನಾವು ಕಥೋಲಿಕರು. ಶಾಲೆಗೆ ಹೋಗೋ ಮುಂಚೆ ಸಂತ ಫಿಲೋಮಿನಾ ದೇವಾಲಯದಲ್ಲಿ ಕೂತು ಒಂದು ಜಪಸರ (ಮಣಿ ಎಣಿಸುತ್ತಾ ಹೇಳೋ ಪ್ರಾರ್ಥನೆ), ಇಪ್ಪತ್ತು ನಿಮಿಷ. ಏನು ಪ್ರಾರ್ಥಿಸಲಿ ಅಂತ ಯೋಚಿಸೋ ಕೆಲಸವೇ ಇಲ್ಲ, ತಲೆ ಓಡಾಡಿದ್ರೂ ಬೆರಳು ಮಣಿ ಬಿಡಲ್ಲ. ನಾಲ್ವಡಿಯವರು 1933ರಲ್ಲಿ ಅಡಿಗಲ್ಲು ಹಾಕಿದ ದೇವಾಲಯ, ಪ್ರವಾಸಿಗರು ಬರ್ತಾರೆ, ಬರಲಿ. ಆದ್ರೆ ದಸರಾ ರಜೇಲಿ ಮಂಡಿಯೂರಿದವಳ ಪಕ್ಕಕ್ಕೇ ಬಂದು ಸೆಲ್ಫಿ! ಒಬ್ಬರಂತೂ "ಮೇಡಂ ಸ್ವಲ್ಪ ಸೈಡಿಗೆ ಬನ್ನಿ" ಅಂದ್ರು. ನಾನು ಜಪಸರದ ಮೂರನೇ ರಹಸ್ಯದಲ್ಲಿದ್ದೆ, ಅಂದ್ರೆ ಮೂರನೇ ಹತ್ತು ಮಣಿಗಳಲ್ಲಿ, ಅಲ್ಲಾಡಲಿಲ್ಲ. ಹೊರಗೆ ಬಂದು ನೋಡಿದ್ರೆ ಯಾರದೋ ಕಾರು ತಾಗಿ ಸ್ಕೂಟರ್ ಮಿರರ್ ಹೋಗಿತ್ತು. 650 ರೂಪಾಯಿ, ನನ್ನದೇ.

ಮಹಡಿ ಬ್ರದರ್:
ಟೀಚರ್, ಬೇಜಾರು ಮಾಡ್ಕೋಬೇಡಿ. ಮಣಿ ಎಣಿಸೋದು ಕ್ವೈಟ್ ಟೈಮ್, ಅಂದ್ರೆ ದೇವರ ಜೊತೆ ಒಬ್ಬರೇ ಕೂರೋ ಹೊತ್ತು, ಹೇಗಾಗುತ್ತೆ? ಮತ್ತಾಯ 6:7 ನೋಡಿ, ಹೇಳಿದ್ದನ್ನೇ ಹೇಳಬೇಡಿ ಅಂತ ನೇರವಾಗಿದೆ.

ಲಷ್ಕರ್ ಮೊಹಲ್ಲಾ ಟೀಚರ್:
ಬೇಜಾರಾಗಿದೆ, ಯಾಕಾಗಬಾರದು? ಅಲ್ಲಿರೋದು ಅನ್ಯಜನರ ಹಾಗೆ ಸುಮ್ಮನೆ ಬಡಬಡಿಸಬೇಡಿ ಅಂತ. ಕೀರ್ತನೆ 136 ತೆಗೀರಿ, 26 ವಚನ, ಇಪ್ಪತ್ತಾರರಲ್ಲೂ ಆತನ ಕೃಪೆ ಶಾಶ್ವತ ಅಂತಲೇ ಇದೆ. ಸೆರೆ ಸಿಕ್ಕ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿ ಮೂರನೇ ಸಲವೂ ಅದೇ ಮಾತಲ್ಲಿ ಪ್ರಾರ್ಥಿಸಿದರು, ಮತ್ತಾಯ 26:44. ನಿಮ್ಮ ಸಭೆಗಳಲ್ಲಿ ಕೀಬೋರ್ಡ್ ಇಟ್ಕೊಂಡು ಒಂದೇ ಸಾಲನ್ನ ಕಾಲು ಗಂಟೆ ಹಾಡ್ತಾರಲ್ಲ, ಅದನ್ನ ಯಾವ ಲೆಕ್ಕಕ್ಕೆ ಹಾಕ್ತೀರಿ?

ಮಂಡ್ಯ ಪಾಸ್:
ಟೀಚರಮ್ಮ ಸರಿಯಾಗ್ ಕೊಟ್ರು.

ನೈಟ್ ಡ್ಯೂಟಿ, ಮಂಡ್ಯ:
ಮಣಿ ವಿಷಯ ಆಮೇಲೆ. ಮಹಡಿ ಬ್ರದರ್, ನೀವು ಐದಕ್ಕೆ ಮೇಲೆ ಹತ್ತಿದಾಗ ಕೆಳಗೆ ನೀರು ಹಿಡಿಯೋದು, ಹಾಲು ಕಾಯಿಸೋದು, ಮಕ್ಕಳನ್ನ ಎಬ್ಬಿಸೋದು ಯಾರು? ಮಾರ್ಕ 1:35 ಎಲ್ಲರ ಬಾಯಲ್ಲೂ ಇದೆ, 32ರಿಂದ ಯಾರೂ ಓದಲ್ಲ. ಹಿಂದಿನ ಸಂಜೆ ಊರಿಗೆ ಊರೇ ಬಾಗಿಲಿಗೆ ಬಂದಿತ್ತು, ಅಷ್ಟೂ ರೋಗಿಗಳನ್ನ ನೋಡಿ ಮಲಗಿ ಎದ್ದು ಹೋದದ್ದು. ಅಲ್ಲಿಗೂ ಶಿಷ್ಯ ಸೀಮೋನ ಹುಡುಕ್ಕೊಂಡು ಬಂದು ಎಲ್ಲರೂ ನಿನ್ನನ್ನ ಹುಡುಕ್ತಿದ್ದಾರೆ ಅಂದ. ನನ್ನನ್ನ ಕರೀಬೇಡಿ ಅಂತ ಆತ ಬೈದು ಕಳಿಸಲಿಲ್ಲ, ಬನ್ನಿ ಪಕ್ಕದ ಊರುಗಳಿಗೆ ಹೋಗೋಣ ಅಂತ ಹೊರಟ.

ನಾನು ನರ್ಸ್. ನಮ್ಮ ಪಾಸ್ಟರ್ ಹೇಳೋದು, ಮುಂಜಾನೆ ಕೂಡಿಸದ ಮನ್ನಾ (ಅಡವಿಯಲ್ಲಿ ದೇವರು ಇಸ್ರಾಯೇಲ್ಯರಿಗೆ ಕೊಟ್ಟ ಆಹಾರ) ಬಿಸಿಲಿಗೆ ಕರಗಿ ಹೋಗುತ್ತೆ ಅಂತ. ಮುಂಜಾನೆ ನಾನು ವಾರ್ಡಲ್ಲಿ ಬಿಪಿ ನೋಡ್ತಿರ್ತೀನಿ, ಡ್ರಿಪ್ ಬದಲಾಯಿಸ್ತಿರ್ತೀನಿ, ಒಂಬತ್ತಕ್ಕೆ ಮನೆಗೆ ಬಂದ್ರೆ ಬೆನ್ನು ನೆಲ ಕೇಳುತ್ತೆ. ಕೀರ್ತನೆ 119:148 ಬರೆದವನು ರಾತ್ರಿಯ ಜಾವಗಳಲ್ಲಿ ಎಚ್ಚರವಿದ್ದು ನಿನ್ನ ನುಡಿ ಧ್ಯಾನಿಸ್ತೀನಿ ಅಂತಾನೆ. ಅವನೇ ನಮ್ಮ ಪೈಕಿ. ಎರಡರಿಂದ ಮೂರರವರೆಗೆ ಯಾರೂ ಬೆಲ್ ಒತ್ತದಿದ್ರೆ ಕೋಟಿನ ಜೇಬಿಂದ ಪುಟ್ಟ ಹೊಸ ಒಡಂಬಡಿಕೆ ತೆಗೀತೀನಿ. ಸ್ಯಾನಿಟೈಸರ್ ಚೆಲ್ಲಿ ಅದರ ರೋಮಾಪುರದವರ ಪತ್ರಿಕೆ ಪೂರ್ತಿ ಮುದುರಿ ಅಂಟಿಕೊಂಡಿದೆ, 8ನೇ ಅಧ್ಯಾಯ ಬಿಡಿಸೋಕೆ ಹೋಗಿ ಹರೀತು. ಡ್ಯೂಟೀಲಿ ಪುಸ್ತಕ ಓದಿದ್ದಕ್ಕೆ ನನಗೆ ಮೆಮೋ ಬೇರೆ. ಪಕ್ಕದ ಟೇಬಲಲ್ಲಿ ರೀಲ್ಸ್ ನೋಡ್ತಿದ್ದವರಿಗೆ ಏನೂ ಇಲ್ಲ! ಮೊಬೈಲಲ್ಲೇ ಓದು ಅಂತಾರೆ ಎಲ್ಲರೂ. ಓದೋಕೆ ತೆಗೆದ್ರೆ ಮೇಲಿಂದ ಮೂರು ಮೆಸೇಜ್ ಇಳಿಯುತ್ತೆ, ನನಗಾಗಲ್ಲ.

ಹಿನಕಲ್:
ವಿಷಯ ಬಿಟ್ಟು ಕೇಳ್ತಿದ್ದೀನಿ, ಎಂಟಕ್ಕೆ ಆರಡಿ ರೂಮಿಗೆ ಶೀಟ್ ಕೆಲಸ 21,500ಆ? ಯಾರೋ ಸರಿಯಾಗಿ ಟೋಪಿ ಹಾಕಿದ್ದಾರೆ ಬ್ರದರ್.

ಮಹಡಿ ಬ್ರದರ್:
ಗೇಜ್ ಕೇಳಿ ಆಮೇಲೆ ಮಾತಾಡಿ ಸಾರ್. ಅಗ್ಗದ ಶೀಟ್ ಹಾಕಿಸಿದ ನಮ್ಮ ಪಕ್ಕದ ಮನೆಯವರದು ಆಷಾಢದ ಗಾಳಿಗೆ ಎದ್ದು ರಸ್ತೆಗೆ ಬಿದ್ದಿತ್ತು. ನನ್ನದು ಅಲ್ಲಾಡಿಲ್ಲ.

ಮಂಡ್ಯ ಪಾಸ್:
ಮ್ಯಾಲೆ ತೆಂಗಿನ ಗರಿ ಹಾಸ್ಬುಡಿ, ಬಿಸ್ಲು ತಡೀತದೆ.

ಹಿನಕಲ್:
ಗರಿ ಹಾಕಿದ್ರೆ ಇಲಿ ಸೇರುತ್ತೆ. ಬಿಳಿ ಪೇಂಟ್ ಎರಡು ಕೋಟ್ ಹೊಡಿಸಿ.

ಕೂರ್ಗಳ್ಳಿ ಸಿಸ್ಟರ್:
ನನಗೆ ಟೆರೇಸೇ ಇಲ್ಲ, ಬಾಡಿಗೆ ಮನೆ. ನರ್ಸ್ ಸಿಸ್ಟರ್, ಆ ಪುಟ್ಟ ಪುಸ್ತಕದಲ್ಲಿ ಕೀರ್ತನೆಗಳೂ ಇವೆಯಾ?

ನೈಟ್ ಡ್ಯೂಟಿ, ಮಂಡ್ಯ:
ಇವೆ, ಕೊನೇಲಿ. ಅಕ್ಷರ ಸಣ್ಣದು, ಕನ್ನಡಕ ಬೇಕು. ಮಹಡಿ ಬ್ರದರ್ ಮಾತ್ರ ನನ್ನ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ. ನಿಮ್ಮ ಮನೆಯವರು ಆ ರೂಮಿಗೆ ಯಾವಾಗ ಹೋಗ್ತಾರೆ?

ಮಹಡಿ ಬ್ರದರ್:
ಅವರನ್ನ ಯಾರು ಬೇಡ ಅಂದಿದ್ದಾರೆ? ಮಧ್ಯಾಹ್ನ ಪೂರ್ತಿ ರೂಮ್ ಖಾಲಿನೇ ಇರುತ್ತೆ.

ನೈಟ್ ಡ್ಯೂಟಿ, ಮಂಡ್ಯ:
ಮಾರ್ಚಲ್ಲೂನಾ? ಆ ಶೀಟಿನ ಕೆಳಗೆ?