ಹಾಲೆಂಡಿನಲ್ಲಿ ನಮ್ಮ ಮೊದಲ ಬೇಸಿಗೆ, ಏನೇನು ಮಾಡಬಹುದು?

ಮಾರ್ಚ್‌ನಲ್ಲಿ ದಾವಣಗೆರೆಯಿಂದ ಆಮ್‌ಸ್ಟರ್‌ಡಾಮ್ ಪಕ್ಕದ ಆಮ್‌ಸ್ಟೆಲ್‌ವೇನ್‌ಗೆ ಬಂದೆವು. ಯಜಮಾನರಿಗೆ ಆಫೀಸು, ನನಗಿನ್ನೂ ಕೆಲಸ ಸಿಕ್ಕಿಲ್ಲ. ಟ್ಯೂಲಿಪ್ ನೋಡಿದ್ದಾಯಿತು, ಕಾಲುವೆಯಲ್ಲಿ ದೋಣಿ ಹತ್ತಿದ್ದಾಯಿತು. ಜೂನ್‌ನಿಂದ ಆಗಸ್ಟ್‌ವರೆಗೆ ಶನಿವಾರ, ಭಾನುವಾರ ಹೇಗೆ ಕಳೆಯೋದು? ನಾನು ಸಸ್ಯಾಹಾರಿ, ಅವರು ಮೀನು ತಿನ್ನುತ್ತಾರೆ. ಅವರಿಗೆ ಕ್ರಿಕೆಟ್ ಹುಚ್ಚು. ಜಾಸ್ತಿ ಖರ್ಚು ಬೇಡ. ಅನುಭವ ಇದ್ದವರು ಹೇಳಿ.

ಆಮ್‌ಸ್ಟೆಲ್‌ವೇನ್‌ನಲ್ಲಿ 7 ವರ್ಷದಿಂದ ಇರುವವರು:
ಕ್ರಿಕೆಟ್ ಹುಚ್ಚು ಇಟ್ಟುಕೊಂಡು ಆಮ್‌ಸ್ಟೆಲ್‌ವೇನ್‌ನಲ್ಲೇ ಮನೆ ಮಾಡಿದ್ದೀರಿ, ಇನ್ನೇನು ಬೇಕು! ಪಕ್ಕದ ಆಮ್‌ಸ್ಟರ್‌ಡಾಮ್ಸೆ ಬೊಸ್ ಕಾಡಿನಲ್ಲೇ ವಿಆರ್‌ಎ ಕ್ಲಬ್ಬಿನ ಮೈದಾನ ಇದೆ. 1999ರ ವಿಶ್ವಕಪ್‌ನ ದಕ್ಷಿಣ ಆಫ್ರಿಕಾ–ಕೀನ್ಯಾ ಪಂದ್ಯ ನಡೆದದ್ದು ಅಲ್ಲೇ. (ಆ ಕಾಡೂ ತಾನಾಗಿ ಬೆಳೆದದ್ದಲ್ಲ, 1930ರ ದಶಕದಲ್ಲಿ ಕೆಲಸವಿಲ್ಲದವರಿಗೆ ಕೂಲಿ ಕೊಟ್ಟು ನೆಡಿಸಿದ್ದು.) ಬರೀ ನೋಡೋದಲ್ಲ, ಯಜಮಾನರನ್ನು ಯಾವುದಾದರೂ ಕ್ಲಬ್ಬಿಗೆ ಸೇರಿಸಿಬಿಡಿ. ಕೆಳಗಿನ ಡಿವಿಷನ್ ತಂಡಗಳಿಗೆ ಯಾವಾಗಲೂ 11ನೇ ಆಟಗಾರ ಸಿಗೋದೇ ಕಷ್ಟ, ನಾನು ಸೇರಿದ್ದು ಹಾಗೇ, ಶುಕ್ರವಾರ ರಾತ್ರಿ ಫೋನು, ಶನಿವಾರ ಬೆಳಿಗ್ಗೆ ಮೈದಾನ. ಫೀಸು ಕಟ್ಟಿದರೆ ಮುಗಿಯಲಿಲ್ಲ ಅನ್ನೋದು ಗೊತ್ತಿರಲಿ. ಸರದಿ ಪ್ರಕಾರ ಕ್ಲಬ್ಬಿನ ಬಾರ್‌ನಲ್ಲಿ ನಿಂತು ಬಿಯರ್ ಸುರಿದು ಕೊಡಬೇಕು, ಇದಕ್ಕೆ ಬಾರ್‌ಡೀನ್ಸ್ಟ್ ಅನ್ನುತ್ತಾರೆ. ಹುಟ್ಟಾ ಸಸ್ಯಾಹಾರಿಯಾದ ನಾನು ಮಾಂಸ ತುಂಬಿದ ಬಿಟರ್‌ಬಾಲನ್ ಕರಿದು ಕೊಟ್ಟಿದ್ದೇನೆ, ಅಮ್ಮನಿಗೆ ಹೇಳಿಲ್ಲ. ಆದರೆ ಡಚ್ಚರ ಜೊತೆ ನಿಜವಾಗಿ ಮಾತು ಶುರುವಾಗಿದ್ದು ಆ ಕೌಂಟರ್ ಹಿಂದೆಯೇ. 2023ರ ವಿಶ್ವಕಪ್‌ನಲ್ಲಿ ನಮ್ಮ ಚಿನ್ನಸ್ವಾಮಿಯಲ್ಲಿ ರಾಹುಲ್, ಶ್ರೇಯಸ್ ಇಬ್ಬರೂ ಶತಕ ಹೊಡೆದು ಭಾರತ ಇವರ ಮೇಲೆ 410 ಚಚ್ಚಿತಲ್ಲ, ಅದನ್ನು ಎತ್ತಿದರೆ ಸಾಕು, ಅದೇ ಟೂರ್ನಿಯಲ್ಲಿ ಇವರು ಧರ್ಮಶಾಲಾದಲ್ಲಿ ದಕ್ಷಿಣ ಆಫ್ರಿಕಾವನ್ನು ಸೋಲಿಸಿದ ಕಥೆ ಅರ್ಧ ಗಂಟೆ ಕೇಳಬೇಕಾಗುತ್ತದೆ.

ಹೇಗ್‌ನಿಂದ ಒಬ್ಬರು:
ಊಟದ ವಿಷಯ ನಾನು ಹೇಳುತ್ತೇನೆ. ಒಂದು ದಿನ ಹೇಗ್‌ಗೆ ಬಂದು ಸುರಿನಾಮಿ ರೊಟ್ಟಿ ತಿನ್ನಿ. 1873ರಿಂದ ಕಲ್ಕತ್ತಾದ ಹಡಗುಗಳಲ್ಲಿ, ದಕ್ಷಿಣ ಅಮೆರಿಕದಲ್ಲಿ ಆಗ ಡಚ್ಚರ ಕೈಯಲ್ಲಿದ್ದ ಸುರಿನಾಮ್‌ನ ಕಬ್ಬಿನ ತೋಟಗಳಿಗೆ ಹೋದ ಕೂಲಿಗಳ ಮಕ್ಕಳು ಮೊಮ್ಮಕ್ಕಳು, 1975ರಲ್ಲಿ ಆ ದೇಶ ಸ್ವತಂತ್ರ ಆಗುವ ಹೊತ್ತಿಗೆ ಬಹಳ ಜನ ಇಲ್ಲಿಗೆ ಬಂದರು. ರೊಟ್ಟಿ ಜೊತೆ ಆಲೂಗಡ್ಡೆ, ಉದ್ದನೆಯ ಅಲಸಂದೆ ಕಾಯಿ ಪಲ್ಯ. ಮೊಟ್ಟೆ ತಾನಾಗಿ ಬರುತ್ತದೆ, ಬೇಡ ಅಂದರೆ ಮೊದಲೇ ಹೇಳಿ. ಅಲ್ಲೇ ಸಿಗುವ ‘ಬಾರಾ’ ನೋಡಿದರೆ ನಿಮಗೆ ನಗು ಬರುತ್ತದೆ, ನಮ್ಮ ಉದ್ದಿನ ವಡೆಯ ದೂರದ ದಾಯಾದಿ.

ಯಜಮಾನರಿಗೆ ಜೂನ್ ಮಧ್ಯದ ಹೊತ್ತಿಗೆ ಬರುವ ಹೊಸ ಹೇರಿಂಗ್ ಮೀನು. ಬೇಯಿಸೋದಿಲ್ಲ, ಸ್ವಲ್ಪ ಉಪ್ಪು, ಮೇಲೆ ಹೆಚ್ಚಿದ ಈರುಳ್ಳಿ, ಅಷ್ಟೇ. ಬಾಲ ಹಿಡಿದು ಬಾಯಿಗೆ ಇಳಿಸೋದು ಒಂದು ರೀತಿ, ಆಮ್‌ಸ್ಟರ್‌ಡಾಮ್‌ನಲ್ಲಿ ತುಂಡು ಮಾಡಿ ಕೊಡುತ್ತಾರೆ. ನೀವು ಮಾತ್ರ ಎರಡು ಕಡೆ ಎಚ್ಚರ. ಗೌಡಾ ಚೀಸ್‌ನಲ್ಲಿ ಎಷ್ಟೋ ಸಲ ಹಾಲು ಗಟ್ಟಿ ಮಾಡೋಕೆ ಹಾಕುವ ಕರುವಿನ ಹೊಟ್ಟೆಯ ರೆನೆಟ್ ಇರುತ್ತದೆ. ಕೆಲವು ಅಂಗಡಿಗಳಲ್ಲಿ ಆಲೂಗಡ್ಡೆ ಫ್ರೈಸನ್ನು ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ನಾನು ಒಂದು ವರ್ಷ ಗೊತ್ತಿಲ್ಲದೆ ತಿಂದೆ. ಸೆಖೆಗೆ ಸೂಪರ್‌ಮಾರ್ಕೆಟ್ಟಿನ ಕಾರ್ನೆಮೆಲ್ಕ್ ತನ್ನಿ. ಅದು ಮಜ್ಜಿಗೆಯೇ. ನೀರು, ಉಪ್ಪು, ಶುಂಠಿ, ಕರಿಬೇವು ಹಾಕಿದರೆ ರಾಮನವಮಿ!

ಹಾರ್ಲೆಮ್‌ನಿಂದ ಒಬ್ಬರು:
ಸೈಕಲ್ ತಗೊಳ್ಳಿ, ಸೆಕೆಂಡ್‌ಹ್ಯಾಂಡ್ ಸಾಕು. ದೇಶದ ತುಂಬ ನಂಬರ್ ಹಾಕಿದ ಸೈಕಲ್ ಕೂಡುದಾರಿಗಳಿವೆ, ಕ್ನೋಪ್‌ಪುಂಟ್ ಅಂತ. ನಾಲ್ಕೈದು ನಂಬರ್ ಚೀಟಿಯಲ್ಲಿ ಬರೆದುಕೊಂಡರೆ ಮ್ಯಾಪೇ ಬೇಡ. ಗುಡ್ಡ ಇಲ್ಲ, ಆದರೆ ಗಾಳಿ ಇದೆ. ಮೊದಲ ಬೇಸಿಗೆಯಲ್ಲಿ ನಾನೂ ನನ್ನ ಹೆಂಡತಿಯೂ ಹಾಡು ಹೇಳಿಕೊಂಡು 25 ಕಿಲೋಮೀಟರ್ ಹೋದೆವು, ಕಾಲಲ್ಲಿ ಎಷ್ಟು ಶಕ್ತಿ ಬಂದಿದೆ ಅಂದುಕೊಂಡೆವು. ವಾಪಸ್ ತಿರುಗಿದಾಗಲೇ ಗೊತ್ತಾಗಿದ್ದು, ಅಷ್ಟು ಹೊತ್ತು ತಳ್ಳಿದ್ದು ಗಾಳಿ. ಮನೆ ಸೇರೋವರೆಗೆ ಅವಳು ಮಾತೇ ಆಡಲಿಲ್ಲ. ಅದಕ್ಕೇ ಹೋಗುವಾಗ ಗಾಳಿಗೆ ಎದುರು ಹೋಗಿ, ಬರುವಾಗ ಸುಖ. ಇಲ್ಲವಾದರೆ ವಾಪಸ್ ಬರುವಾಗ ಟ್ರೈನಿಗೆ ಹಾಕಿ, ಸೈಕಲ್‌ಗೂ ಟಿಕೆಟ್ ತಗೋಬೇಕು.

ಸಮುದ್ರಕ್ಕೆ ಜಾಂಡ್‌ವೋರ್ಟ್, ಆಮ್‌ಸ್ಟರ್‌ಡಾಮ್‌ನಿಂದ ಟ್ರೈನಿನಲ್ಲಿ ಅರ್ಧ ಗಂಟೆ. ಸ್ವಲ್ಪ ದೂರ ಬೇಕಾದರೆ ಡೆನ್ ಹೆಲ್ಡರ್‌ನಿಂದ 20 ನಿಮಿಷ ಹಡಗಿನಲ್ಲಿ ಟೆಸೆಲ್ ದ್ವೀಪ, ಬುತ್ತಿ ಕಟ್ಟಿಕೊಂಡು ಹೋದರೆ ಖರ್ಚೂ ಕಮ್ಮಿ. ಕೆರೆಗೆ ಇಳಿಯುವ ಮುಂಚೆ ನೀಲಿ ಪಾಚಿಯ ಎಚ್ಚರಿಕೆ ಬೋರ್ಡ್ ಇದೆಯಾ ನೋಡಿ. ಕಾಡಿಂದ ಬಂದ ಮೇಲೆ ಮೈಮೇಲೆ ರಕ್ತ ಹೀರುವ ಉಣ್ಣಿ ಕಚ್ಚಿಕೊಂಡಿದೆಯಾ ಅಂತಲೂ ನೋಡಿಕೊಳ್ಳಿ. ಜೂನ್‌ನಲ್ಲಿ ರಾತ್ರಿ 10ರವರೆಗೆ ಬೆಳಕಿರುತ್ತದೆ. ಯಜಮಾನರು ಆಫೀಸಿಂದ ಬಂದ ಮೇಲೂ ಹೊರಡಬಹುದು, ಶನಿವಾರಕ್ಕೆ ಕಾಯಬೇಕಾಗಿಲ್ಲ. ಕಾಲುವೆಗಳ ಹಳ್ಳಿ ಅಂತ ಎಲ್ಲರೂ ಹೋಗುವ ಹಿತ್‌ಹೋರ್ನ್ ಬಿಟ್ಟುಬಿಡಿ, ಬರೀ ಸೆಲ್ಫಿ ಜನ.

ಹೇಗ್‌ನವರು ಮತ್ತೆ:
ಹಾಗೇನಿಲ್ಲ, ಬೆಳಿಗ್ಗೆ 8ಕ್ಕೆ ಹೋದರೆ ಹಿತ್‌ಹೋರ್ನ್ ಚೆನ್ನಾಗಿರುತ್ತದೆ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಇವರು ಆಗಲೇ ಕ್ರಿಕೆಟ್ ಶೂ ಹುಡುಕುತ್ತಿದ್ದಾರೆ. ಒಂದೇ ಅನುಮಾನ, ಆ ಕಾರ್ನೆಮೆಲ್ಕ್ ಮೊಸರಿಗೆ ಹೆಪ್ಪು ಹಾಕೋಕೆ ಆಗುತ್ತಾ?

ಹೇಗ್‌ನವರು:
ಬೇಡ, ಸರಿಯಾಗಿ ಗಟ್ಟಿಯಾಗೋದಿಲ್ಲ. ಹೆಪ್ಪಿಗೆ ಸಾದಾ ಯೋಗರ್ಟ್ ತನ್ನಿ. ಕಾರ್ನೆಮೆಲ್ಕ್ ಮಜ್ಜಿಗೆ ಹುಳಿಗೆ ಇಟ್ಟುಕೊಳ್ಳಿ.