ಸಮಸ್ಯೆ: ‘ಕಾಲ ಬೆರಳೇ ಹಣೆಯ ಬರಹವ ತಿದ್ದಿ ಬರೆಯಿತಲಾ’

ಯತಿಭಂಗ:
ಈ ವಾರದ ಸಾಲು ಮೇಲಿದೆ. ಆರು ಸಾಲಿನ ಭಾಮಿನಿ ಷಟ್ಪದಿಯ ಕೊನೇ ಸಾಲು. ಉಳಿದ ಐದು ನಿಮ್ಮದು. 1, 2, 4, 5ಕ್ಕೆ 14 ಮಾತ್ರೆ (ಉಚ್ಚಾರದ ಅಳತೆ). 3ಕ್ಕೆ 21, ಮೇಲೊಂದು ಗುರು (ಎರಡು ಮಾತ್ರೆಯ ಅಕ್ಷರ). ಪ್ರಾಸಾಕ್ಷರ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ, ‘ಲ’; ಅದರ ಹಿಂದೆ ದೀರ್ಘ. ವಸ್ತು: ತಬ್ಬಲಿ. ಹಣೆಬರಹಕ್ಕೂ ಕಾಲಿಗೂ ಏನು ಸಂಬಂಧ ಅಂತ ನನ್ನ ಕೇಳಬೇಡಿ, ಅದೇ ಸಮಸ್ಯೆ!

ಒಗ್ಗರಣೆಡಬ್ಬಿ:
ಜೈಮಿನಿ ಭಾರತದ ಚಂದ್ರಹಾಸ ಅಲ್ವಾ? ಎಡಗಾಲಲ್ಲಿ ಆರು ಬೆರಳು. ಕೇರಳದ ರಾಜನ ಮಗ, ಕುಂತಳಪುರದಲ್ಲಿ ದಾದಿಯೂ ಸತ್ತು ಬೀದಿಪಾಲಾದವನು.

ಕೂಲಿಗಾಗಿಯೆ ಕೊಲಲು ಬಂದರು
ಬಾಲಕನ ಮೊಗ ಕಂಡು ಕರಗುತ
ಮೇಲಕೆತ್ತಿದ ಕತ್ತಿ ಮೆಲ್ಲನೆ ಪಾದಕಿಳಿದಿರಲು
ಮೂಲದಿಂದಾರನೆಯ ಬೆರಳನು
ಕೀಲು ಬಿಡಿಸಿಯೆ ತೆಗೆದುಕೊಂಡರು
ಕಾಲ ಬೆರಳೇ ಹಣೆಯ ಬರಹವ ತಿದ್ದಿ ಬರೆಯಿತಲಾ

ಯತಿಭಂಗ:
‘ಕೀಲು ಬಿಡಿಸಿ’ಗೆ ಭೇಷ್! ಆರನೇ ಬೆರಳೇ ಅವನ ಅಪಲಕ್ಷಣ. ಹುಡುಗ ಸತ್ತ ಅನ್ನೋದಕ್ಕೆ ಗುರುತಾಗಿ ಕೊಲೆಗಾರರು ಅದನ್ನೇ ತಮ್ಮನ್ನು ಕಳಿಸಿದ ಮಂತ್ರಿ ದುಷ್ಟಬುದ್ಧಿಗೆ ಒಪ್ಪಿಸಿದರು. ಅಂದರೆ ಕೊಲ್ಲಿಸೋಕೆ ಹೋದವನೇ ಕೈಯಾರೆ ದೋಷ ತೆಗೆಸಿಕೊಟ್ಟ. ಕಾಡಲ್ಲಿ ಅಳುತ್ತಿದ್ದವನನ್ನು ಮಕ್ಕಳಿಲ್ಲದ ಕುಳಿಂದ ಎತ್ತಿಕೊಂಡು ಹೋದ. ಬೆರಳು ಹೋಯಿತು, ಅಪ್ಪ ಸಿಕ್ಕಿದ. ಜೈಮಿನಿ ಭಾರತದ ಕವಿ ಲಕ್ಷ್ಮೀಶ ಇದನ್ನು ವಾರ್ಧಕ ಷಟ್ಪದಿಯಲ್ಲಿ ಹಾಡಿದ, ನಮಗೆ ಭಾಮಿನಿಯೇ ಜಾಸ್ತಿ.

ಹೊಸಬ:
ನಾನು ‘ಕೇಳು ಮಂತ್ರಿಯೆ’ ಅಂತ ಶುರು ಮಾಡಿದ್ದೆ...

ಒಗ್ಗರಣೆಡಬ್ಬಿ:
‘ಳ’ ಬಂತು ನೋಡಿ, ಪ್ರಾಸ ಹೋಯ್ತು.

ಹೊಸಬ:
ಸರಿ, ಇದು?

ಓಲೆಯಲಿ ವಿಷವಿತ್ತು, ಹೆಣ್ಣಿನ
ನೀಲಗಣ್ಣಿನ ಕಾಡಿಗೆಯ ಹನಿ

ಮುಂದೆ ಮಂತ್ರಿ ಚಂದ್ರಹಾಸನ ಕೈಲೇ ಕೊಟ್ಟು ಕಳಿಸಿದ ಓಲೆಯಲ್ಲಿ ‘ವಿಷ ಕೊಡು’ ಅಂತಿದ್ದದ್ದನ್ನು ಮಂತ್ರಿಯ ಮಗಳು ತನ್ನ ಹೆಸರು ‘ವಿಷಯೆ’ ಮಾಡಿದಳಲ್ಲ, ಅದು. ಆದರೆ ಕಣ್ಣಿಂದ ಕಾಲಿಗೆ ಇಳಿಯೋದು ಹೇಗೆ ಗೊತ್ತಾಗ್ತಿಲ್ಲ.

ಯತಿಭಂಗ:
ಇಳಿಯಲ್ಲ ಮಾರಾಯ್ರೇ. ತಿದ್ದಿದ್ದು ಕೈಬೆರಳು, ನಾನು ಕೇಳಿದ್ದು ಕಾಲಿನದು. ಆ ಎರಡು ಸಾಲು ಎತ್ತಿಡಿ, ಇನ್ನೊಂದು ಸಮಸ್ಯೆಗೆ ಬರುತ್ತೆ.

ಸೊರಬದ ಸೊಸೆ:
ನಮ್ಮ ಕಡೆ ಕುಬಟೂರನ್ನೇ ಆ ಕುಂತಳಪುರ ಅಂತಾರೆ. ಆದ್ರೂ ನಾನು ಚಂದ್ರಹಾಸನ್ನ ಮುಟ್ಟಿಲ್ಲ.

ಮೂಲೆಯಾಶ್ರಮದೊಳಗೆ ಬೆಳೆದಳು
ಹಾಲು ಕುಡಿಸಿದ ತಾಯನರಿಯಳು
ಸಾಲು ದೀಪದ ಮನೆಯ ಹೊಸಿಲಲಿ ಸೇರನೊದೆಯುತಿರೆ
ಲಾಲಿ ಕೇಳದ ಕಿವಿಗೆ ಕೇಳಿತು
‘ಬಾಲೆ, ನಿನ್ನದೆ ಮನೆಯು, ಬಾರೌ’
ಕಾಲ ಬೆರಳೇ ಹಣೆಯ ಬರಹವ ತಿದ್ದಿ ಬರೆಯಿತಲಾ

ಒಗ್ಗರಣೆಡಬ್ಬಿ:
ಅಯ್ಯೋ, ಸೇರಕ್ಕಿ ಒದೆಯೋದು ನಮಗ್ಯಾರಿಗೂ ಹೊಳೆಯಲೇ ಇಲ್ವಲ್ಲ!

ಯತಿಭಂಗ:
ನನ್ನ ಓಟು ಇದಕ್ಕೇ. ಒಂದೇ ತಕರಾರು: ‘ಬಾಲೆ’, ‘ಬಾರೌ’ ತೀರಾ ಹಳೇ ನಾಟಕದ ಮಾತಾಯಿತು. ಯಾವ ಅತ್ತೆ ಹಾಗೆ ಕರೀತಾರೆ?

ಸೊರಬದ ಸೊಸೆ:
ನಿಜ. ನಮ್ಮತ್ತೆ ಅಂದದ್ದು ‘ಜೋರಾಗೇ ಒದಿಯೇ, ಅಕ್ಕಿ ನಮ್ದೇ ಅಲ್ವಾ’ ಅಂತ. ಮಾತ್ರೆಗೆ ಕೂರಲಿಲ್ಲ.